ಟ್ರೂ ಚಕ್ಕೋ, ಡಾಗ್ ಚಕ್ಕೋ? ಎರಡನ್ನೂ ದುಡಿಸಿದವನ ಅಭಿಪ್ರಾಯ

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಶೆಡ್‌ನಲ್ಲಿ ಆರಡಿಯ ರಾಜ್‌ಕೋಟ್ ಲೇತ್ (ಲೋಹದ ತುಂಡನ್ನು ತಿರುಗಿಸಿ ಕೆತ್ತುವ ಯಂತ್ರ) ಇದೆ. ಅದಕ್ಕೆ ಎರಡು ಚಕ್, ಅಂದರೆ ಜಾಬನ್ನು (ಕೆತ್ತುವ ತುಂಡನ್ನು) ಹಿಡಿದು ತಿರುಗಿಸುವ ಸಾಧನ. ಹೊಸದಾಗಿ ಕೊಂಡ 200 ಎಂಎಂ ಮೂರು ಜಾ (ಹಿಡಿಯುವ ದವಡೆ) ಟ್ರೂ ಚಕ್ ಒಂದು, ಸೆಕೆಂಡ್ ಹ್ಯಾಂಡ್ ತಂದ 250 ಎಂಎಂ ನಾಲ್ಕು ಜಾ ಡಾಗ್ ಚಕ್ ಇನ್ನೊಂದು. ಒಂದಕ್ಕೇ ದುಡ್ಡಿದ್ದರೆ ಡಾಗ್ ಚಕ್ ತಗೊಳ್ಳಿ.

ಟ್ರೂ ಚಕ್ ಕೆಲಸಕ್ಕೆ ಸಲೀಸು, ಅದರಲ್ಲಿ ಎರಡು ಮಾತಿಲ್ಲ. ಒಂದು ಕಡೆ ಕೀ ತಿರುಗಿಸಿದರೆ ಸಾಕು, ಒಳಗಿನ ಸ್ಕ್ರೋಲ್ (ಸುರುಳಿ ಹಲ್ಲಿನ ತಟ್ಟೆ) ಮೂರೂ ಜಾ ಒಟ್ಟಿಗೆ ತಳ್ಳುತ್ತದೆ. ರೌಂಡ್ ರಾಡು, ಹೆಕ್ಸ್ ರಾಡು ತಕ್ಷಣ ಕೂರುತ್ತದೆ. ಆದರೆ ಹೆಸರಿನಲ್ಲಿ ಟ್ರೂ ಇದೆ ಅಂತ ಸುಮ್ನೆ ನಂಬಬೇಡಿ, ಡಯಲ್ (ಸಣ್ಣ ಓಲಾಟ ಅಳೆಯುವ ಮುಳ್ಳಿನ ಗೇಜ್) ಹಚ್ಚಿ ನೋಡಿ. ನನ್ನದರಲ್ಲಿ ಗ್ರೈಂಡ್ ಮಾಡಿದ 25 ಎಂಎಂ ರಾಡ್ ಹಿಡಿದರೆ ಮುಳ್ಳು 0.06 ಎಂಎಂ ಆಡುತ್ತದೆ, 70 ಎಂಎಂ ರಾಡ್‌ಗೆ 0.11. ಸ್ಕ್ರೋಲ್ ಎಲ್ಲಾ ಕಡೆ ಒಂದೇ ಸಮ ಇರುವುದಿಲ್ಲ, ಅದಕ್ಕೇ ಎರಡು ಮೂರು ಸೈಜಿನಲ್ಲಿ ಪರೀಕ್ಷೆ ಮಾಡಬೇಕು. ಇಂಥ ಚಕ್‌ಗೆ ಇಷ್ಟು ಆಟ ನನಗೆ ಒಪ್ಪಿಗೆ. ಒಂದೇ ಹಿಡಿತದಲ್ಲಿ ಟರ್ನಿಂಗ್ (ಹೊರಮೈ ಕೆತ್ತುವುದು), ಬೋರಿಂಗ್ (ಒಳತೂತು ಕೊರೆಯುವುದು), ಕಟಿಂಗ್ ಮುಗಿಸಿದರೆ ಹೊರಗಿನ ಸುತ್ತೂ ಒಳಗಿನ ಬೋರೂ ಒಂದೇ ಸೆಂಟರ್‌ಗೆ ಬರುತ್ತವೆ. ಜಾಬ್ ಬಿಚ್ಚಿ ತಿರುಗಿಸಿ ಹಿಡಿದಾಗಲೇ ತೊಂದರೆ. ಆಗ ಸಾಫ್ಟ್ ಜಾ (ಕೊರೆದು ಅಳತೆಗೆ ತರಬಹುದಾದ ಮೆತ್ತನೆ ಲೋಹದ ಜಾ) ಹಾಕಿ, ಅಲ್ಲೇ ಬೋರ್ ಮಾಡಿಕೊಳ್ಳಬೇಕು.

ನಮ್ಮೂರಿನ ಕೆಲಸ ಬೇರೆ. ಫೌಂಡ್ರಿಯಿಂದ ಪುಲ್ಲಿ, ಪಂಪ್ ಕವರ್ ಬರುತ್ತವೆ. ಕಾಸ್ಟಿಂಗ್ (ಎರಕದ ತುಂಡು) ಯಾವತ್ತೂ ಪೂರ್ತಿ ದುಂಡಗಿರುವುದಿಲ್ಲ. ಅಚ್ಚಿನ ಜೋಡಣೆಯ ಗೆರೆಯ ಉಬ್ಬಿನ ಮೇಲೆ ಒಂದು ಜಾ ಕೂತರೆ ಟ್ರೂ ಚಕ್‌ನಲ್ಲಿ ಜಾಬ್ ಅಲ್ಲೇ ಓರೆಯಾಗುತ್ತದೆ. ಡಾಗ್ ಚಕ್‌ನಲ್ಲಿ ಪ್ರತಿ ಜಾಗೂ ಅದರದೇ ಸ್ಕ್ರೂ. ಚೌಕ, ಉದ್ದಚೌಕ, ಸೊಟ್ಟ ಕಾಸ್ಟಿಂಗ್, ಎಕ್ಸೆಂಟ್ರಿಕ್ (ಸೆಂಟರ್ ತಪ್ಪಿಸಿ ಕೆತ್ತುವ ಜಾಬ್) ಎಲ್ಲವನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಸೆಂಟರ್ ಮಾಡಲು ಟೈಮ್ ಜಾಸ್ತಿ ಎನ್ನುತ್ತಾರೆ. ಎರಡು ಕೀ ಇಟ್ಟುಕೊಳ್ಳಿ, ಎದುರು ಬದುರು ಜಾ ಒಟ್ಟಿಗೆ ಆಡಿಸಿ. ಡಯಲ್ ಎರಡು ಕಡೆ 0.40 ವ್ಯತ್ಯಾಸ ತೋರಿಸಿದರೆ 0.20 ಮಾತ್ರ ಸರಿಸಬೇಕು. ಕೈ ಪಳಗಿದ ಮೇಲೆ 0.02ರ ಒಳಗೆ ತರುವುದು ಕಷ್ಟವಲ್ಲ. ಆ ಲೆಕ್ಕದಲ್ಲಿ ನನ್ನ ಹಳೆಯ ಡಾಗ್ ಚಕ್ಕೇ ಹೊಸ ಟ್ರೂ ಚಕ್‌ಗಿಂತ ಟ್ರೂ!

ಹಳೇ ಚಕ್ ಕೊಳ್ಳುವಾಗ ಜಾ ಹೊರಗೆ ತೆಗೆಸಿ ನೋಡಲೇಬೇಕು. ಟ್ರೂ ಚಕ್ ಜಾ ಹಿಂಭಾಗದ ಹಲ್ಲುಗಳು ಬಾಗಿರುತ್ತವೆ, ಹಾಗಾಗಿ ತಿರುಗಿಸಿ ಹಾಕಲು ಆಗುವುದಿಲ್ಲ. ದೊಡ್ಡ ಜಾಬ್‌ಗೆ ಇನ್ನೊಂದು ಸೆಟ್ ಬೇಕು, ಅದೂ ಜೊತೆಗಿದೆಯಾ ಕೇಳಿ. ಡಾಗ್ ಚಕ್ ಜಾ ತಿರುಗಿಸಿ ಹಾಕಬಹುದು. ಟ್ರೂ ಚಕ್ ಜಾ ಮೇಲೆ 1, 2, 3 ಎಂದು ನಂಬರ್ ಇರುತ್ತದೆ, ಅದೇ ಕ್ರಮದಲ್ಲಿ ಹಾಕದಿದ್ದರೆ ಮೂರೂ ಮಧ್ಯಕ್ಕೆ ಸೇರುವುದಿಲ್ಲ. ಜಾ ಮೇಲಿನ ಸೀರಿಯಲ್ ನಂಬರ್ ಬಾಡಿಯ ನಂಬರ್‌ಗೆ ಹೊಂದಬೇಕು. ಕೊನೆಗೆ ಒಂದು ರಾಡ್ ಬಿಗಿಮಾಡಿಸಿ, ಜಾ ಮುಂದಿನ ತುದಿಯಲ್ಲಿ ತೆಳು ಕಾಗದ ತೂರಿಸಿ ನೋಡಿ. ಹೋದರೆ ಜಾ ಸವೆದು ಬಾಯಿ ಅಗಲವಾಗಿದೆ ಎಂದರ್ಥ. ಜಾ ಗ್ರೈಂಡಿಂಗ್ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ನಿಮ್ಮ ಲೇತ್‌ನ ಸ್ಪಿಂಡಲ್ (ಚಕ್ ಕೂರುವ, ತಿರುಗುವ ದಂಡ) ಮೂತಿ ಥ್ರೆಡ್ಡೋ (ಮರೆ ಸುತ್ತಿ ಕೂರಿಸುವುದು), ಕ್ಯಾಮ್‌ಲಾಕೋ (ಪಿನ್ ತೂರಿಸಿ ಲಾಕ್ ಮಾಡುವುದು) ಎಂದು ಮೊದಲೇ ತಿಳಿದುಕೊಂಡು ಹೋಗಿ. ಕ್ಯಾಮ್‌ಲಾಕ್‌ನಲ್ಲಿ ಡಿ1-4 ಸೈಜಿಗೆ ಮೂರು ಪಿನ್, ಡಿ1-6ಕ್ಕೆ ಆರು. ನಮ್ಮದು ಥ್ರೆಡ್. ಅದಕ್ಕೆ ಬ್ಯಾಕ್ ಪ್ಲೇಟ್ (ಚಕ್ಕನ್ನು ಸ್ಪಿಂಡಲ್‌ಗೆ ಜೋಡಿಸುವ ತಟ್ಟೆ) ಬೇಕು, ಅದರ ಮೆಟ್ಟಿಲನ್ನು ಅದೇ ಸ್ಪಿಂಡಲ್ ಮೇಲೆ ಫೇಸ್ ಮಾಡಿ, ಚಕ್ ಹಿಂದಿನ ಗುಳಿಗೆ ಸರಿಯಾಗಿ ಕೂರುವಂತೆ ಟರ್ನ್ ಮಾಡಬೇಕು. ಥ್ರೆಡ್ ಮೂತಿಯಲ್ಲಿ ಓಡುತ್ತಿರುವ ಚಕ್ಕನ್ನು ಎಂದೂ ದಿಢೀರ್ ರಿವರ್ಸ್ ಮಾಡಬೇಡಿ, ಬಿಚ್ಚಿಕೊಂಡು ಬೀಳುತ್ತದೆ.