ಹಳೆಯ ಬಿಲ್ಲಿಂಗ್ ಕೋಡಿಗೆ ಒದಗಿಬಂದ ಎಎಸ್‌ಟಿ-ಗ್ರೆಪ್

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಮುತ್ತಲಿನ ಕೆಲವು ಅಡಿಕೆ ಅಂಗಡಿಗಳು ಬಳಸುವ ಬಿಲ್ಲಿಂಗ್ ತಂತ್ರಾಂಶವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪೈಥಾನ್‌ನಲ್ಲಿರುವ ಆ ಕೋಡಿಗೆ ನನಗಿಂತ ಮೊದಲು ಹಲವರು ಕೈ ಹಾಕಿದ್ದಾರೆ. ಒಬ್ಬರು ತೂಕಕ್ಕೆ ‘ತೂಕ’ ಎಂದೇ ಹೆಸರಿಟ್ಟರೆ, ಇನ್ನೊಬ್ಬರು ಮಲಯಾಳದ ‘ತೂಕ್ಕಂ’ ಬರೆದಿದ್ದಾರೆ. ಮತ್ತೊಬ್ಬರಿಗೆ ಅದು ಬರೀ ‘ಕ್ಯೂ’. ಇಂಥಲ್ಲಿ ಹೆಸರು ಹಿಡಿದು ಹುಡುಕಿದರೆ ಕೆಲಸ ಆಗುವುದಿಲ್ಲ. ಬರೆದವರು ಯಾವ ಹೆಸರನ್ನಾದರೂ ಇಡಲಿ, ವಾಕ್ಯದ ಕಟ್ಟು ಹಿಡಿದು ಹುಡುಕಿಕೊಡುವ ಸಾಧನ ಬೇಕು. ಎಎಸ್‌ಟಿ-ಗ್ರೆಪ್ ಅಂಥದ್ದು.

ನನಗೆ ಬಂದ ಕೆಲಸ ಇದು. ಅಡಿಕೆಯ ಬಗೆ ಚಾಲಿಯಾಗಲಿ, ಪಟೋರವಾಗಲಿ, ಕರಿಗೋಟಾಗಲಿ, ತೂಕವನ್ನು ದರದಿಂದ ಗುಣಿಸಿ ಬಂದ ಮೊತ್ತವನ್ನು ಪೈಸೆಗೆ ಸರಿಹೊಂದಿಸಲು ಎಲ್ಲರೂ ಪೈಥಾನ್‌ನ ‘ರೌಂಡ್’ ಬಳಸಿದ್ದರು. ಹಣದ ಲೆಕ್ಕಕ್ಕೆ ಅದು ಸಲ್ಲದು. 2.675 ಅನ್ನು ಎರಡು ದಶಮಾಂಶ ಸ್ಥಾನಕ್ಕೆ ತಂದರೆ ನಾವು ನಿರೀಕ್ಷಿಸುವುದು 2.68, ಪೈಥಾನ್ ಕೊಡುವುದು 2.67. ಆ ಸಂಖ್ಯೆಯನ್ನು ಬೈನರಿಯಲ್ಲಿ ಕರಾರುವಾಕ್ಕಾಗಿ ಬರೆಯಲು ಬರುವುದಿಲ್ಲ. ಒಳಗೆ ಉಳಿಯುವುದು 2.675ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ನಮ್ಮ ಕೃಷಿಕರು ಅಂಗಡಿಯ ಚೀಟಿಯನ್ನು ಮನೆಗೆ ಒಯ್ದು ಮತ್ತೊಮ್ಮೆ ಕೂಡಿ ನೋಡುವವರು. ಒಂದು ಪೈಸೆ ಹೊಂದದಿದ್ದರೂ ಅವರು ಕೇಳುತ್ತಾರೆ, ಕೇಳಲೇಬೇಕು. ಆದ್ದರಿಂದ ಹಣದ ಮೇಲೆ ನಡೆಯುವ ಪ್ರತಿಯೊಂದು ರೌಂಡನ್ನೂ ತೆಗೆದು, ದಶಮಾಂಶಗಳನ್ನು ಕರಾರುವಾಕ್ಕಾಗಿ ಹಿಡಿಯುವ ಡೆಸಿಮಲ್ ಆಧರಿಸಿದ ‘ಪೈಸೆ’ ಎಂಬ ನಮ್ಮದೇ ಫಂಕ್ಷನ್ ಹಾಕಬೇಕಿತ್ತು.

ಕೆನ್ ಥಾಂಪ್ಸನ್ 1973ರ ಹೊತ್ತಿಗೆ ಯುನಿಕ್ಸ್‌ಗೆಂದು ಬರೆದ, ಕಡತಗಳಲ್ಲಿ ಪದ ಹುಡುಕುವ ಗ್ರೆಪ್ ಇಂದಿಗೂ ನನ್ನ ದಿನಬಳಕೆಯಲ್ಲಿದೆ. ಆದರೆ ಅದು ಓದುವುದು ಸಾಲು ಸಾಲಾಗಿ. ಉದ್ದದ ಲೆಕ್ಕವನ್ನು ಯಾರಾದರೂ ನಾಲ್ಕು ಸಾಲಿಗೆ ಮುರಿದು, ಕೊನೆಯ ಸಾಲಿನಲ್ಲಿ 2 ಎಂದು ಬರೆದಿದ್ದರೆ ಕೈಬಿಡುತ್ತದೆ. ಟಿಪ್ಪಣಿಯಲ್ಲಿ ರೌಂಡ್ ಎಂದಿದ್ದರೆ ಅದನ್ನೂ ಎತ್ತಿ ತರುತ್ತದೆ. ಎಎಸ್‌ಟಿ-ಗ್ರೆಪ್ ಹಾಗಲ್ಲ. ಟ್ರೀ-ಸಿಟ್ಟರ್ ಎಂಬ ಪಾರ್ಸರ್‌ನ ನೆರವಿನಿಂದ ಪ್ರತಿ ಕಡತವನ್ನೂ ವ್ಯಾಕರಣದ ಮರವಾಗಿ ಬಿಡಿಸಿಕೊಳ್ಳುತ್ತದೆ. ನಾವು ಕೊಟ್ಟ ಮಾದರಿಯನ್ನೂ ಹಾಗೆಯೇ ಬಿಡಿಸಿ, ಎರಡನ್ನು ಹೊಂದಿಸಿ ನೋಡುತ್ತದೆ. ಮಾದರಿ ಬರೆಯುವುದು ಸುಲಭ: ರೌಂಡ್($ಎ, 2). ಡಾಲರ್ ಚಿಹ್ನೆಯ ಹೆಸರು ‘ಇಲ್ಲಿ ಏನಾದರೂ ಇರಲಿ’ ಎಂಬುದಕ್ಕೆ. ‘ತೂಕ್ಕಂ * ದರ’ ಎಂಬ ಇಡೀ ಗುಣಾಕಾರ ಆ ಒಂದು ಜಾಗದಲ್ಲಿ ಕೂರುತ್ತದೆ. ಸಾಲು ಮುರಿದದ್ದು, ಎಡೆ ಬಿಟ್ಟದ್ದು ಲೆಕ್ಕಕ್ಕಿಲ್ಲ. ನನಗೆ ಬಹಳ ಮೆಚ್ಚಿಗೆಯಾದದ್ದು ಎಫ್-ಸ್ಟ್ರಿಂಗ್ ಒಳಗೆ, ಅಂದರೆ ಚೀಟಿಯಲ್ಲಿ ಮುದ್ರಿಸುವ ವಾಕ್ಯದ ನಡುವಿನ ಪುಷ್ಪಾವರಣದಲ್ಲಿ, ಅಡಗಿದ್ದ ರೌಂಡನ್ನೂ ಅದು ಹಿಡಿದದ್ದು. ಅದೇ ಪದ ಸಾಮಾನ್ಯ ಸ್ಟ್ರಿಂಗ್‌ನಲ್ಲಿದ್ದರೆ ಮುಟ್ಟುವುದಿಲ್ಲ.

ಆದರೆ ಹಣ ಯಾವುದು, ತೂಕ ಯಾವುದು ಎಂದು ಅದಕ್ಕೆ ತಿಳಿಯದು. ಚರದಲ್ಲಿರುವುದು ಯಾವ ಬಗೆಯ ಮೌಲ್ಯ ಎಂದು ಅದಕ್ಕೆ ಗೊತ್ತಿಲ್ಲ, ಆ ಮೌಲ್ಯ ಎಲ್ಲಿಂದ ಹರಿದು ಬಂತೆಂದೂ ನೋಡುವುದಿಲ್ಲ. ಅಂಥ ವಿಶ್ಲೇಷಣೆ ಬೇಕಾದವರು ಸೆಮ್‌ಗ್ರೆಪ್ ಎಂಬ ಇನ್ನೊಂದು ಸಾಧನದ ಕಡೆ ಹೋಗಬೇಕು. ನನಗೆ ನೆರವಾದದ್ದು ಇಂಟರ್ಯಾಕ್ಟಿವ್ ವಿಧಾನ. ಒಂದೊಂದೇ ಬದಲಾವಣೆಯನ್ನು ಹಳೆಯದು ಕೆಂಪಿನಲ್ಲಿ, ಹೊಸದು ಹಸಿರಿನಲ್ಲಿ ತೋರಿಸಿ ಒಪ್ಪಿಗೆ ಕೇಳುತ್ತದೆ. ವೈ ಒತ್ತಿದರೆ ಬದಲು, ಎನ್ ಒತ್ತಿದರೆ ಹಾಗೆಯೇ ಬಿಟ್ಟು ಮುಂದಕ್ಕೆ. ಗೋಣಿಯ ತೂಕ ಕಳೆಯುವ ಸಾಲು ಬಂದಾಗಲೆಲ್ಲ ಎನ್ ಒತ್ತಿದೆ. ಬೇರೆಯವರ ದುಡ್ಡಿನ ಲೆಕ್ಕವನ್ನು ಒಟ್ಟಿಗೆ ಬದಲಿಸಿಬಿಡುವ ಧೈರ್ಯಕ್ಕಿಂತ ಈ ನಿಧಾನವೇ ನನಗೆ ಇಷ್ಟ.

ಕೊರತೆಗಳನ್ನೂ ಹೇಳಬೇಕು. ರೌಂಡಿಗೆ ಎರಡನೆಯ ಮೌಲ್ಯವನ್ನು ‘ಎನ್‌ಡಿಜಿಟ್ಸ್=2’ ಎಂದು ಹೆಸರು ಹೇಳಿ ಕೊಟ್ಟಿದ್ದರೆ ಮೇಲಿನ ಮಾದರಿಗೆ ಸಿಗುವುದಿಲ್ಲ; ನಿಯಮಗಳನ್ನು ಬರೆದಿಡುವ ಯಾಮಲ್ ಕಡತದಲ್ಲಿ ‘ಎನಿ’ (ಯಾವುದಾದರೂ ಒಂದು) ಎಂದು ಎರಡೂ ರೂಪಗಳನ್ನು ಬರೆಯಬೇಕು. ಮಾದರಿ ತಾನಾಗಿಯೇ ಪೂರ್ಣ ಕೋಡ್ ಆಗಿರಬೇಕು ಎಂಬ ನಿಯಮ ಹೊಸಬರನ್ನು ಕಾಡುತ್ತದೆ. ‘ಟ್ರೈ’ ಇಲ್ಲದ ಬರೀ ‘ಎಕ್ಸೆಪ್ಟ್’ ಭಾಗವನ್ನು ಹುಡುಕಲು ಹೊರಟರೆ ಆ ತುಣುಕನ್ನಷ್ಟೇ ಮಾದರಿಯಾಗಿ ಕೊಟ್ಟರೆ ಸಾಲದು, ‘ಟ್ರೈ’ ಸಮೇತ ಪೂರ್ಣ ಮಾದರಿ ಬರೆದು ಬೇಕಾದ ಭಾಗವನ್ನು ‘ಸೆಲೆಕ್ಟರ್’ ಮೂಲಕ ಹೆಸರಿಸಬೇಕು. ಎಎಸ್‌ಟಿ-ಗ್ರೆಪ್ ಜಾಲತಾಣದಲ್ಲಿರುವ ಪ್ಲೇಗ್ರೌಂಡ್‌ನಲ್ಲಿ ನಮ್ಮ ಕೋಡಿನ ಮರವನ್ನು ಕಣ್ಣಾರೆ ನೋಡಬಹುದು. ಅದಿಲ್ಲದೆ ಈ ಭಾಗ ಕಲಿಯುವುದು ಕಷ್ಟ. ಮಾದರಿಯನ್ನು ಒಂಟಿ ಉದ್ಧರಣ ಚಿಹ್ನೆಯೊಳಗೇ ಬರೆಯಿರಿ, ಜೋಡಿ ಚಿಹ್ನೆ ಹಾಕಿದರೆ ಡಾಲರ್ ಹೆಸರನ್ನು, ನಮ್ಮ ಆಜ್ಞೆಗಳನ್ನು ಮೊದಲು ಓದುವ ಶೆಲ್ ನುಂಗಿಬಿಡುತ್ತದೆ. ಎಎಸ್‌ಟಿ-ಗ್ರೆಪ್‌ಗೆ ‘ಎಸ್‌ಜಿ’ ಎಂಬ ಚಿಕ್ಕ ಹೆಸರೂ ಇದೆ, ಆದರೆ ಲಿನಕ್ಸ್‌ನಲ್ಲಿ ಅದೇ ಹೆಸರಿನ ಬೇರೊಂದು ಆಜ್ಞೆ ಮೊದಲೇ ಇದೆ. ಪೂರ್ತಿ ಹೆಸರು ಬರೆಯುವುದು ಕ್ಷೇಮ.

ರಸ್ಟ್ ಭಾಷೆಯಲ್ಲಿ ಬರೆದದ್ದರಿಂದ ವೇಗಕ್ಕೆ ಮೋಸವಿಲ್ಲ. ಪಿಪ್, ಎನ್‌ಪಿಎಂ, ಕಾರ್ಗೋ ಯಾವುದರಿಂದಲೂ ಹಾಕಿಕೊಳ್ಳಬಹುದು, ಎಂಐಟಿ ಪರವಾನಗಿ, ದುಡ್ಡಿಲ್ಲ. ಎಲ್ಲವೂ ನಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಇಂಟರ್‌ನೆಟ್ ಹೋದ ದಿನವೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಸಾಗುತ್ತದೆ. ಗಿರಾಕಿಗಳ ಕೋಡ್ ಹೊರಗೆ ಹೋಗುವುದೂ ಇಲ್ಲ.

ಬದಲಾವಣೆ ಮುಗಿದ ಮೇಲೆ ಅದೇ ಮಾದರಿಯನ್ನು ಕಾಯಂ ನಿಯಮವಾಗಿ ಯೋಜನೆಯೊಳಗೆ ಇಟ್ಟಿದ್ದೇನೆ. ನಿಯಮದ ಸಂದೇಶವನ್ನು ಯಾವ ಭಾಷೆಯಲ್ಲಾದರೂ ಬರೆಯಬಹುದು. ಹಾಗಾಗಿ ಹೊಸದಾಗಿ ಯಾರಾದರೂ ರೌಂಡ್ ಬರೆದರೆ ಕೋಡ್ ಬರೆಯುವ ವಿಎಸ್ ಕೋಡ್ ತಂತ್ರಾಂಶದಲ್ಲಿ ಆ ಸಾಲಿನ ಕೆಳಗೆ ಗೆರೆ ಎಳೆದು, ‘ಹಣಕ್ಕೆ ರೌಂಡ್ ಬೇಡ, ಪೈಸೆ ಬಳಸಿ, ತೂಕವಾದರೆ ಅಡ್ಡಿಯಿಲ್ಲ’ ಎಂದು ಕನ್ನಡದಲ್ಲಿ ತೋರಿಸುತ್ತದೆ. ಮಲಯಾಳ ಮಾತ್ರ ಬಲ್ಲ ಜೊತೆಗಾರರಿಗಾಗಿ ಅದರ ಕೆಳಗೆ ಮಲಯಾಳದ ಒಂದು ಸಾಲನ್ನೂ ಸೇರಿಸಿದ್ದೇನೆ.