ಡಾಲಿ ಹಳಿ ಮಾಡಿಸುವವರು ಇದನ್ನು ಓದಿ: ಸ್ಟೀಲ್ ಅಂತ ದುಡ್ಡು ತಗೊಂಡು ಕರ್ಟನ್ ಪೈಪ್ ಕೊಟ್ಟರು

ಕಾಸರಗೋಡು ಕಡೆ ಕಿರುಚಿತ್ರ ಮಾಡುವವರೆಲ್ಲ ದಯವಿಟ್ಟು ಪೂರ್ತಿ ಓದಿ. ನನಗೆ ಆದದ್ದು ನಿಮಗೆ ಆಗಬಾರದು. ವಾರ ಕಳೆದರೂ ಸಿಟ್ಟು ಇಳಿದಿಲ್ಲ.

ಮಂಗಳೂರಿನಿಂದ ಡಾಲಿ, ಅಂದರೆ ಕ್ಯಾಮೆರಾ ಇಟ್ಟು ಹಳಿಯ ಮೇಲೆ ತಳ್ಳುವ ಗಾಡಿ, ಬಾಡಿಗೆಗೆ ತರುವಷ್ಟು ದುಡ್ಡು ನಮ್ಮಲ್ಲಿಲ್ಲ. ನಾವೇ ಮಾಡಿಕೊಳ್ಳುವ ಅಂತ ಹೊರಟೆವು. ಕ್ರಮ ನಿಮಗೆ ಗೊತ್ತೇ ಇದೆಯಲ್ವಾ. ಒಂದು ಪ್ಲೈವುಡ್ ಹಲಗೆ, ನಾಲ್ಕು ಮೂಲೆಗೆ ಆಂಗಲ್ ತುಂಡು, ಪೈಪನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಹಾಗೆ ಎರಡೆರಡು ಸ್ಕೇಟ್ ಚಕ್ರ. ಎಂಟು ಚಕ್ರಕ್ಕೆ 608 ನಂಬರಿನ ಹದಿನಾರು ಬೇರಿಂಗ್. ಅಷ್ಟನ್ನೂ ಮನೆಯ ಅಂಗಳದಲ್ಲೇ ಜೋಡಿಸಿದೆವು, ಒಂದು ತೊಂದರೆಯೂ ಆಗಲಿಲ್ಲ. ಹಳಿ ಮಾತ್ರ ವೆಲ್ಡಿಂಗ್ ಅಂಗಡಿಗೆ ಕೊಟ್ಟೆ. ಕೆಟ್ಟದ್ದು ಅಲ್ಲೇ.

ನಾನು ಬಿಡಿಸಿ ಹೇಳಿದ್ದೆ. ಸ್ಟೇನ್‌ಲೆಸ್ ಸ್ಟೀಲ್, 304 ಗ್ರೇಡ್, ಒಂದೂವರೆ ಮಿಲಿಮೀಟರ್ ದಪ್ಪ, ಐದೈದು ಅಡಿಯ ತುಂಡು, ಜಾಯಿಂಟಿನಲ್ಲಿ ಬಿಗಿಯಾಗಿ ಕೂರುವ ಒಳಪೈಪ್. "ಆಯ್ತು ಮಾಷ್ಟ್ರೇ, ನಿಮಗಲ್ವಾ, ಚಂದ ಮಾಡಿಕೊಡುವ" ಅಂದರು. 6,500 ರೂಪಾಯಿ. ಗುರುತಿನವರು ಅಂತ ಪೂರ್ತಿ ಮೊದಲೇ ಕೊಟ್ಟೆ. ಬಿಲ್ ಕೇಳಲಿಲ್ಲ. ಬಿಲ್ ಕೇಳಲಿಲ್ಲ, ಅದೇ ನನ್ನ ತಪ್ಪು.

ಪೈಪ್ ಬಂದಾಗ ಫಳಫಳ ಹೊಳೆಯುತ್ತಿತ್ತು. ನಾನೂ ಖುಷಿಯಲ್ಲೇ ಇದ್ದೆ.

ಶೂಟಿಂಗ್ ದಿನ ನಮಗೋಸ್ಕರ ಒಬ್ಬರು ಹಿರಿಯ ಯಕ್ಷಗಾನ ಕಲಾವಿದರು ರಾಕ್ಷಸ ಪಾತ್ರದ ಬಣ್ಣದ ವೇಷ ಹಾಕಿ ಕೂತಿದ್ದರು. ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿ ಇಡಲಿಕ್ಕೇ ಗಂಟೆಗಟ್ಟಲೆ ಬೇಕು. ಚೌಕಿಯ (ವೇಷ ಕಟ್ಟುವ ಕೋಣೆಯ) ದೀಪದಿಂದ ಅವರ ಮುಖದವರೆಗೆ ಕ್ಯಾಮೆರಾ ಮೆಲ್ಲ ಹೋಗಬೇಕು, ಅಷ್ಟೇ ಶಾಟ್. ಮೊದಲ ಸಲ ಜಾಯಿಂಟಿನಲ್ಲಿ "ಟಕ್" ಅಂತು, ಫ್ರೇಮ್ ಹಾರಿತು. ಎರಡನೇ ಸಲವೂ ಟಕ್. ಮೂರನೇ ಸಲ ನಡುವೆ ಪೈಪೇ ಬಗ್ಗಿತು. ತುದಿ ನೋಡಿದರೆ ದಪ್ಪ ಒಂದು ಮಿಲಿಮೀಟರೂ ಇಲ್ಲ, ಕತ್ತರಿಸಿದ ಅಂಚಿನಲ್ಲಿ ಆಗಲೇ ಕೆಂಪು ತುಕ್ಕು. ಮೈಕ್‌ನ ಹುಡುಗ ಒಂದು ಹಳೆ ಸ್ಪೀಕರಿನ ಮ್ಯಾಗ್ನೆಟ್ ತಂದು ಹಿಡಿದ. ಟಪ್ಪನೆ ಅಂಟಿತು. ಕಬ್ಬಿಣದ ಪೈಪಿಗೆ ಕ್ರೋಮ್ ಬಳಿದದ್ದು! ಬಾಗಿಲ ಪರದೆ ತೂಗುಹಾಕುವ ಪೈಪ್! ಅಷ್ಟು ಜನರ ಎದುರು ನನಗೆ ತಲೆ ಎತ್ತಲಿಕ್ಕಾಗಲಿಲ್ಲ. ವೇಷದವರು "ಇರಲಿ ಮಾಷ್ಟ್ರೇ, ಇನ್ನೊಮ್ಮೆ ಮಾಡುವ" ಅಂದರು. ಅವರು ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಅಂಗಡಿಗೆ ಹೋದೆ. ಮೊದಲು "ಸ್ಟೀಲ್ ಅಂದರೆ ಸ್ಟೀಲೇ ಅಲ್ವಾ" ಅಂದರು. ಮ್ಯಾಗ್ನೆಟ್ ಹಿಡಿದು ತೋರಿಸಿದೆ. "ಕಡಲ ಗಾಳಿ, ತುಕ್ಕು ಬರದೆ ಇರುತ್ತದಾ?" ಅಂದರು. ದಪ್ಪ ಕೇಳಿದೆ. "ನೀವು ಮೇಲೆ ಹತ್ತಿ ಕೂತುಕೊಳ್ಳುತ್ತೀರಿ ಅಂತ ಹೇಳಿಲ್ಲ." ಹೇಳಿದ್ದೆ! ಕ್ಯಾಮೆರಾದವನೂ ಹಲಗೆಯ ಮೇಲೆಯೇ ಕೂರುತ್ತಾನೆ ಅಂತ ಎರಡು ಸಲ ಹೇಳಿದ್ದೆ. ಕೊನೆಗೆ "ಸಿನಿಮಾದವರಿಗೆ ಆರು ಸಾವಿರ ಒಂದು ದುಡ್ಡಾ" ಅಂತ ನಕ್ಕರು. ನನ್ನ ಎರಡು ತಿಂಗಳ ಉಳಿತಾಯ ಅದು.

ನೀವು ಮಾಡಿಸುವುದಾದರೆ ಮ್ಯಾಗ್ನೆಟ್ ಕಿಸೆಯಲ್ಲಿ ಇಟ್ಟುಕೊಂಡೇ ಹೋಗಿ. ಟಪ್ಪನೆ ಬಲವಾಗಿ ಅಂಟಿದರೆ 304 ಅಲ್ಲ. ಅಂಟದಿದ್ದರೂ ನಂಬಬೇಡಿ, ಅಗ್ಗದ 202 ಗ್ರೇಡಿನ ಸ್ಟೇನ್‌ಲೆಸ್‌ಗೂ ಮ್ಯಾಗ್ನೆಟ್ ಅಂಟುವುದಿಲ್ಲ, ಅದು ನಮ್ಮ ಉಪ್ಪು ಗಾಳಿಗೆ 304ರಷ್ಟು ತಡೆಯುವುದಿಲ್ಲ. ಬಿಲ್ಲಿನಲ್ಲಿ ಗ್ರೇಡ್, ದಪ್ಪ ಎರಡೂ ಬರೆಸಿ. ಜಾಯಿಂಟಿನ ಮೇಲೆ ಉಗುರು ಎಳೆದು ನೋಡಿ, ಉಗುರಿಗೆ ತಡೆದದ್ದು ಫ್ರೇಮಿನಲ್ಲೂ ಕಾಣುತ್ತದೆ. ಅಂಗಡಿಯಲ್ಲೇ ಡಾಲಿ ಓಡಿಸಿ ನೋಡದೆ ಪೂರ್ತಿ ದುಡ್ಡು ಕೊಡಲೇಬೇಡಿ.

ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಪೈಪಿನ ಫೋಟೋ ಬೇಕಾದವರು ಕೇಳಿ, ಕತ್ತರಿಸಿದ ಅಂಚು ಕಾಣುವ ಹಾಗೆ ತೆಗೆದಿದ್ದೇನೆ.