128 ಜಿಬಿ ಎಂದು ಕೊಂಡ ಮೆಮೊರಿ ಕಾರ್ಡ್: ಹಾಡು ತುಂಬುವ ಮೊದಲು ಪರೀಕ್ಷಿಸಿ

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಬಳಸಿ ಮನೆಯಲ್ಲೇ ಮ್ಯೂಸಿಕ್ ಪ್ಲೇಯರ್ ಕಟ್ಟಲು ಹೊರಟವರು ಬೋರ್ಡ್, ಡ್ಯಾಕ್ (ಡಿಜಿಟಲ್ ಹಾಡನ್ನು ಸ್ಪೀಕರಿಗೆ ಬೇಕಾದ ಸಂಕೇತವಾಗಿಸುವ ಸಾಧನ), ಸ್ಪೀಕರ್‌ಗಳನ್ನೆಲ್ಲ ಅಳೆದು ತೂಗಿ ಆರಿಸುತ್ತಾರೆ. ಹಾಡು ತುಂಬುವ ಮೆಮೊರಿ ಕಾರ್ಡನ್ನು ಮಾತ್ರ ಯಾರೂ ಅನುಮಾನಿಸುವುದಿಲ್ಲ. ದಾವಣಗೆರೆಯ ಮಂಡಿಪೇಟೆ ಕಡೆಯ ಮೊಬೈಲ್ ಬಿಡಿಭಾಗಗಳ ಅಂಗಡಿಯೊಂದರಲ್ಲಿ ನಾನು ಕೊಂಡ 128 ಜಿಬಿ ಕಾರ್ಡ್ ನಕಲಿಯಾಗಿತ್ತು.

ನನ್ನ ಪ್ಲೇಯರ್ ರಾಸ್ಪ್‌ಬೆರಿ ಪೈ 3 ಬಿ ಪ್ಲಸ್ ಬೋರ್ಡಿನದು. ಅದರ ತಂತ್ರಾಂಶ ಬೇರೊಂದು ಕಾರ್ಡಿನಲ್ಲಿತ್ತು. ಹೊಸ ಕಾರ್ಡನ್ನು ಯುಎಸ್‌ಬಿ ರೀಡರಿಗೆ ಹಾಕಿ, ನಮ್ಮೂರ ಭಜನಾ ಮಂಡಳಿಯ ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿಕೊಂಡಿದ್ದ ವೇವ್ (ಕುಗ್ಗಿಸದ ಧ್ವನಿ) ಫೈಲ್‌ಗಳನ್ನು ಅದಕ್ಕೆ ತುಂಬಿದ್ದೆ. ಮೊದಲ ಕ್ಯಾಸೆಟ್‌ಗಳು ಸೊಗಸಾಗಿ ನುಡಿದವು. ಆಮೇಲಿನ ಹಾಡುಗಳ ಹೆಸರು, ಅಳತೆ ಎಲ್ಲವೂ ಪಟ್ಟಿಯಲ್ಲಿ ಕಾಣುತ್ತಿದ್ದರೂ, ಒತ್ತಿದ ತಕ್ಷಣ ಪ್ಲೇಯರ್ ಸದ್ದಿಲ್ಲದೆ ಮುಂದಿನ ಹಾಡಿಗೆ ಹಾರುತ್ತಿತ್ತು. ಬೇಸಿಗೆಯ ಕರೆಂಟ್ ಕಡಿತದ ಮೇಲೆ ಗುಮಾನಿ ಹೋಗುವುದು ಸಹಜವೇ. ಆದರೆ ವೋಲ್ಟೇಜ್ 4.63 ವೋಲ್ಟಿಗಿಂತ ಕೆಳಗಿಳಿದರೆ ಈ ಬೋರ್ಡ್ ತಾನೇ ಎಚ್ಚರಿಕೆ ದಾಖಲಿಸುತ್ತದೆ. ಅಂಥ ದಾಖಲೆ ಒಂದೂ ಇರಲಿಲ್ಲ.

ಕೊನೆಗೆ ಲ್ಯಾಪ್‌ಟಾಪಿನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಿದಾಗ, ಕಾರ್ಡಿನಲ್ಲಿ ನಿಜವಾಗಿ ಇದ್ದ ಜಾಗ ಏಳು ಜಿಬಿಗಿಂತ ತುಸು ಹೆಚ್ಚು ಅಷ್ಟೇ ಎಂಬುದು ತಿಳಿಯಿತು. ಲೆಕ್ಕ ಸರಿಹೊಂದಿತು: ಸಿಡಿ ಗುಣಮಟ್ಟದ ವೇವ್ ಫೈಲ್ ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಸುಮಾರು 635 ಎಂಬಿ ಹಿಡಿಯುತ್ತದೆ, ಹಾಡು ಕೈಕೊಟ್ಟಿದ್ದೂ ಹನ್ನೆರಡನೆಯ ಕ್ಯಾಸೆಟ್ಟಿನ ಹೊತ್ತಿಗೆ. ಇಂಥ ಕಾರ್ಡಿನ ಒಳಗಿನ ನಿಯಂತ್ರಕ ಚಿಪ್ಪಿಗೆ ಸುಳ್ಳು ಅಳತೆ ಹೇಳಲು ಕಲಿಸಿರುತ್ತಾರೆ. ಜಾಗ ಮುಗಿದ ಮೇಲೂ ಅದು ಬರೆದೆನೆಂದು ಒಪ್ಪಿಕೊಳ್ಳುತ್ತ, ಬಂದ ದತ್ತಾಂಶವನ್ನು ಕೈಬಿಡುತ್ತದೆ. ಕೆಲವು ಕಾರ್ಡುಗಳು ಹಳೆಯದರ ಮೇಲೆಯೇ ಬರೆದುಬಿಡುತ್ತವೆ. ಫೈಲ್‌ಗಳ ಪಟ್ಟಿ ಕಾರ್ಡಿನ ಆರಂಭದ ಅಸಲಿ ಜಾಗದಲ್ಲಿ ಇದ್ದುದರಿಂದ ಹೆಸರುಗಳು ಉಳಿದವು, ಹಾಡು ಉಳಿಯಲಿಲ್ಲ. ಕಾರ್ಡಿಗೆ ಹಾಡು ತುಂಬಿದ ಕೂಡಲೇ ಲ್ಯಾಪ್‌ಟಾಪಿನಲ್ಲಿ ನುಡಿಸಿ ನೋಡಿದರೂ ಮೋಸ ತಿಳಿಯದಿರಬಹುದು, ಏಕೆಂದರೆ ಆಗ ಲ್ಯಾಪ್‌ಟಾಪ್ ತನ್ನ ತಾತ್ಕಾಲಿಕ ನೆನಪಾದ ರ‍್ಯಾಮಿನಲ್ಲಿ ಉಳಿದಿರುವ ಪ್ರತಿಯನ್ನೇ ಕೇಳಿಸುತ್ತಿರುತ್ತದೆ.

ಅಂಗಡಿಯವರು "ಫಾರ್ಮ್ಯಾಟ್ ಮಾಡಿ ನೋಡಿ ಸಾರ್, ಸರಿ ಹೋಗುತ್ತೆ" ಎಂದರು. ಫಾರ್ಮ್ಯಾಟ್ ಮಾಡಿದರೆ ಇಲ್ಲದ ಜಾಗ ಹುಟ್ಟುವುದಿಲ್ಲ. ಬಿಲ್ಲಿನ ಬದಲು ಕೊಟ್ಟಿದ್ದ ಚೀಟಿಯಲ್ಲಿ ಅಂಗಡಿಯ ಹೆಸರೂ ಇರಲಿಲ್ಲ, ಹೀಗಾಗಿ ಹಣ ಮರಳಲಿಲ್ಲ. ಜಿಎಸ್‌ಟಿ ಬಿಲ್ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ; ಬಿಲ್ ಇದ್ದೂ ಅಂಗಡಿಯವರು ಜಗಳಕ್ಕೆ ನಿಂತರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಕಾರ್ಡ್ ತಂದ ದಿನವೇ, ಅದು ಖಾಲಿ ಇರುವಾಗ, ಎಫ್3 ತಂತ್ರಾಂಶದ ಎಫ್3ರೈಟ್ ಓಡಿಸಿ ಪೂರ್ತಿ ತುಂಬಿಸಿ, ಹೊರತೆಗೆದು ಮತ್ತೆ ಹಾಕಿ, ಎಫ್3ರೀಡ್‌ನಿಂದ ಓದಿಸಿ. ವಿಂಡೋಸ್ ಬಳಸುವವರಿಗೆ ಎಚ್2ಟೆಸ್ಟ್‌ಡಬ್ಲ್ಯೂ ಇದೇ ಕೆಲಸ ಮಾಡುತ್ತದೆ. ಹಲವು ಗಂಟೆ ಹಿಡಿಯುವ ಕೆಲಸವಾದ್ದರಿಂದ ರಾತ್ರಿ ಹಚ್ಚಿಟ್ಟು ಮಲಗುವುದು ಮೇಲು. ಪರೀಕ್ಷೆ ಪಾಸಾಗುವವರೆಗೂ ಮೂಲ ಫೈಲ್‌ಗಳನ್ನು ಲ್ಯಾಪ್‌ಟಾಪಿನಿಂದ ಅಳಿಸಬೇಡಿ.